ಡಿಪ್ಲೊಮಾ ಅಲ್ಲ ಮಾಮ, ಡಿಪ್ಲೊಮಸಿ

ದೇಶ ದೇಶಗಳ ನಡುವಿನ ಸಂಬಂಧ ಓದುವ ಎಂ.ಎ.ಗೆ ಸೇರಿದ ವರ್ಷ. ಊರಹಬ್ಬಕ್ಕೆ ಬಂದಿದ್ದ ಸೋದರಮಾವ ಕೇಳಿದರು, "ಡಿಪ್ಲೊಮಾ ಮಾಡ್ತಿದ್ದೀಯಂತೆ, ಯಾವುದಮ್ಮ? ಮೆಕ್ಯಾನಿಕಲ್ಲಾ, ಎಲೆಕ್ಟ್ರಿಕಲ್ಲಾ?" ಡಿಪ್ಲೊಮಾ ಅಲ್ಲ ಮಾಮ, ಡಿಪ್ಲೊಮಸಿ ಅಂದೆ. ಹಂಗಂದ್ರೆ? ದೇಶದ ಪರವಾಗಿ ಮಾತುಕತೆ ಆಡೋದು, ಅದೃಷ್ಟ ಇದ್ರೆ ಅಂಬಾಸಿಡರ್ ಆಗಬಹುದು ಅಂದೆ. "ಆ ಕಾರು ನಿಂತೇ ಹೋಯ್ತಲ್ಲೇ" ಅಂದರು. ಮನೆಮಂದಿಯೆಲ್ಲ ನಕ್ಕರು. ಆಮೇಲೆ ಓದುವಾಗ ಗೊತ್ತಾಯಿತು, ಮಾಮ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಎರಡೂ ಪದಗಳ ಬೇರು ಒಂದೇ. ಗ್ರೀಕ್ ಭಾಷೆಯಲ್ಲಿ ಡಿಪ್ಲೊಮಾ ಅಂದರೆ ಎರಡಾಗಿ ಮಡಿಸಿದ್ದು. ರಾಜರು ಕೊಡುತ್ತಿದ್ದ ಮಡಿಸಿದ ಪತ್ರಗಳಿಂದಲೇ ಡಿಪ್ಲೊಮಸಿ ಅನ್ನುವ ಹೆಸರು ಹುಟ್ಟಿದ್ದು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ರೇಷ್ಮೆ ಹುಳು ಸಾಕುವ ಒಂದು ಹುಳು ಮನೆ, ಎರಡು ಸೀಮೆಹಸು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ; ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ಸೊಪ್ಪು ಹಾಕು, ಕಸ ತೆಗಿ, ಮತ್ತೆ ಸೊಪ್ಪು ಹಾಕು. 2011ರಲ್ಲಿ ನಾನು ಎಂಟನೇ ಕ್ಲಾಸು. ಆ ವರ್ಷದ ಫೆಬ್ರವರಿ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಮುಂದೆ ಗೂಡಿನ ರೇಟು ಬಿದ್ದಾಗ ನಮ್ಮದೊಂದು ಲಾಟು ಹಿಂದಿನ ಬೆಳೆಯ ಅರ್ಧ ರೇಟಿಗೆ ಹೋಯಿತು. ಅಪ್ಪ ರಸ್ತೆ ತಡೆಗೆ ಹೋಗಿ ಸಂಜೆ ಬಂದರು. ಯಾಕಪ್ಪ ಹಿಂಗಾಯ್ತು ಅಂತ ಕೇಳಿದೆ. "ದಿಲ್ಲಿಯೋರು ಚೀನಾಕ್ಕೆ ಬಾಗಿಲು ತೆಗೆದುಬಿಟ್ರು" ಅಂದರು.

ಆ ಮಾತು ತಲೆಯಲ್ಲೇ ಉಳಿಯಿತು. ನಾನು ಈ ವಿಷಯ ಓದಿದ್ದಕ್ಕೆ ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಬಿ.ಎ. ಓದಿದ್ದು ಜಿಲ್ಲೆಯ ಒಂದು ಕಾಲೇಜಿನಲ್ಲಿ, ಕನ್ನಡ ಮಾಧ್ಯಮ. ಅಲ್ಲಿನ ಲೈಬ್ರರಿಯ ಪುಸ್ತಕಗಳಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಜೀವಂತವಾಗಿತ್ತು. ನಾನು ಓದುತ್ತಿದ್ದದ್ದು 2016ರಲ್ಲಿ, ಒಕ್ಕೂಟ ಒಡೆದದ್ದು 1991ರಲ್ಲಿ. ಎಂ.ಎ.ಗೆ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಮೊದಲ ವಾರವೇ ಅಳು ಬಂತು. ಕ್ಲಾಸಿನಲ್ಲಿ ಎಲ್ಲರೂ ರಿಯಲಿಸಂ, ಹೆಜಿಮನಿ, ಡಿಟರೆನ್ಸ್ ಅಂತ ಪಟಪಟ ಮಾತಾಡುತ್ತಿದ್ದರು. ನನಗೆ ಇಂಗ್ಲಿಷ್ ಅರ್ಥವಾಗುತ್ತಿತ್ತು, ವಿಷಯ ಅರ್ಥವಾಗುತ್ತಿರಲಿಲ್ಲ. ಹೇಗೆ ಅಂದರೆ, ಡಿಕ್ಷನರಿಯಲ್ಲಿ ಅನಾರ್ಕಿ ಅಂದರೆ ಅರಾಜಕತೆ. ಅರಾಜಕತೆ ಅಂದರೆ ನನಗೆ ಬಸ್ಸಿಗೆ ಬೆಂಕಿ, ಕಲ್ಲು ತೂರಾಟ. ಆದರೆ ಈ ವಿಷಯದಲ್ಲಿ ಅನಾರ್ಕಿ ಅಂದರೆ ಗಲಾಟೆ ಅಲ್ಲ. ದೇಶಗಳ ಮೇಲೆ ಕೂತು ಕೇಳೋರು ಯಾರೂ ಇಲ್ಲ, ಅಷ್ಟೇ. ತಾಲ್ಲೂಕು ಕಚೇರಿಯೂ ಇಲ್ಲ, ಪೊಲೀಸ್ ಸ್ಟೇಷನ್ನೂ ಇಲ್ಲ, ಹೊಲಗಳು ಮಾತ್ರ ಪಕ್ಕಪಕ್ಕ ಇವೆ. ಆಗ ಬದುವಿನ ಜಗಳ ಹೇಗೆ ತೀರುತ್ತೆ? ಹೀಗೆ ಕೇಳಿಕೊಂಡ ಮೇಲೆ ಅರ್ಧ ಸಿಲೆಬಸ್ ಹತ್ತಿರ ಬಂತು.

ಅವತ್ತಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಎಡಕ್ಕೆ ಅವರ ಪದ, ಬಲಕ್ಕೆ ನಮ್ಮೂರ ಮಾತು. ಡಿಟರೆನ್ಸ್ ಎದುರಿಗೆ 'ನನ್ನ ಮುಟ್ಟಿದ್ರೆ ನಿನಗೇ ಜಾಸ್ತಿ ಲಾಸು'. ಬಫರ್ ಸ್ಟೇಟ್ ಎದುರಿಗೆ 'ಇಬ್ಬರು ಜಗಳಗಂಟರ ಹೊಲದ ನಡುವೆ ಸಿಕ್ಕಿಕೊಂಡ ಬಡವನ ಹೊಲ'. ಕೌಟಿಲ್ಯನ ಮಂಡಲ ಸಿದ್ಧಾಂತ ಬಂದಾಗ ಬಲಗಡೆ ಏನೂ ಬರೆಯಬೇಕಾಗಲಿಲ್ಲ. ಪಕ್ಕದವನು ಶತ್ರು, ಅವನ ಆಚೆಗಿನವನು ಮಿತ್ರ. ಇದನ್ನು ನಮ್ಮೂರಲ್ಲಿ ಯಾರಿಗಾದರೂ ಹೇಳಿಕೊಡಬೇಕೇ? ಅಂದಹಾಗೆ, ಕೌಟಿಲ್ಯನ 'ಅರ್ಥಶಾಸ್ತ್ರ' ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದ್ದು ನಮ್ಮ ಮೈಸೂರಿನಲ್ಲೇ, ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು. ಕ್ಲಾಸಿನಲ್ಲಿ ಇದನ್ನು ಹೇಳುವಾಗ ಮಾತ್ರ ನನ್ನ ದನಿ ಸ್ವಲ್ಪ ಏರಿತ್ತು.

ಸಿದ್ಧಾಂತಗಳ ಪೇಪರ್ ಹೇಗೋ ಪಾಸಾಯಿತು. ನನಗೆ ರುಚಿ ಹತ್ತಿದ್ದು ಕಾಗದಪತ್ರಗಳಲ್ಲಿ. ಟೀವಿ ಚರ್ಚೆ ನೋಡಿ ಈ ವಿಷಯ ಕಲಿಯಲಾಗದು, ಮೂಲ ಕಾಗದವನ್ನೇ ಓದಬೇಕು. ರಾಯಭಾರಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ದೇಶಗಳು ಮಾಡಿಕೊಂಡ 1961ರ ವಿಯೆನ್ನಾ ಒಪ್ಪಂದದಲ್ಲಿ ಇರುವುದು 53 ವಿಧಿಗಳು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಒಂದು ವಾರ ಓದಿದರೆ ಮುಗಿಯುತ್ತದೆ. ರಾಯಭಾರ ಕಚೇರಿಯ ಜಾಗ ಆ ಪರದೇಶದ ನೆಲ ಅಂತ ನಾನೂ ನಂಬಿದ್ದೆ. ತಪ್ಪು. ನೆಲ ಇಲ್ಲಿಯದೇ. ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ನಮ್ಮ ಪೊಲೀಸರು ಒಳಗೆ ಕಾಲಿಡುವಂತಿಲ್ಲ, ಅಷ್ಟೇ. 9ನೇ ವಿಧಿ ಇನ್ನೂ ಮಜಾ. ಒಬ್ಬ ರಾಯಭಾರಿ ಬೇಡ ಅನ್ನಿಸಿದರೆ ವಾಪಸ್ ಕರೆಸಿಕೊಳ್ಳಿ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ.

ನೋಟ್ ವರ್ಬಾಲ್ ಅಂತ ಒಂದಿದೆ. ರಾಯಭಾರ ಕಚೇರಿ ವಿದೇಶಾಂಗ ಇಲಾಖೆಗೆ ಬರೆಯುವ ಪತ್ರ. ಅದರಲ್ಲಿ 'ನಾನು' ಇಲ್ಲ, ಸಹಿಯೂ ಇಲ್ಲ. ಇಂಥ ರಾಯಭಾರ ಕಚೇರಿ ತಮ್ಮ ಇಲಾಖೆಗೆ ವಂದನೆಗಳನ್ನು ಸಲ್ಲಿಸುತ್ತಾ ಅಂತ ಶುರು. ಅತ್ಯುನ್ನತ ಗೌರವದ ಭರವಸೆಯನ್ನು ಮತ್ತೊಮ್ಮೆ ನೀಡಲು ಈ ಅವಕಾಶ ಬಳಸಿಕೊಳ್ಳುತ್ತದೆ ಅಂತ ಮುಕ್ತಾಯ. ನಡುವೆ ಕಟುವಾದ ಪ್ರತಿಭಟನೆ ಇದ್ದರೂ ಹಿಂದೆ ಮುಂದೆ ಇದೇ ಸಾಲು. ಗೆಳತಿಯರಿಗೆ ಇದು ನಗು. ನನಗೆ ಅಜ್ಜಿಯ ಟ್ರಂಕಿನ ಹಳೇ ಇನ್‌ಲ್ಯಾಂಡ್ ಪತ್ರಗಳು ನೆನಪಾದವು. 'ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು' ಅಂತ ಶುರು ಮಾಡಿ, ಮೂರನೇ ಸಾಲಿಗೇ ಜಮೀನಿನ ಜಗಳಕ್ಕೆ ಇಳಿಯುತ್ತಿದ್ದರು. ನನ್ನ ಮೊದಲ ನೋಟ್ ವರ್ಬಾಲ್‌ಗೆ 10ಕ್ಕೆ 8 ಬಂತು.

ಮೂರನೇ ಸೆಮಿಸ್ಟರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಅಣಕು ಸಭೆ. ಎಲ್ಲರಿಗೂ ಅಮೆರಿಕ, ಚೀನಾ ಬೇಕಿತ್ತು. ಚೀಟಿ ಎತ್ತಿದಾಗ ನನಗೆ ಬಂದದ್ದು ಬುರ್ಕಿನಾ ಫಾಸೊ. ಹೆಸರು ಹೇಳಲು ನಾಲಿಗೆ ತೊಡರಿತು. ಮುಖ ಊದಿಸಿಕೊಂಡು ಲೈಬ್ರರಿಗೆ ಹೋದೆ. ನೋಡಿದರೆ ಅದು ಹತ್ತಿ ಬೆಳೆಯುವ ದೇಶ. ಅಮೆರಿಕ ತನ್ನ ಹತ್ತಿ ರೈತರಿಗೆ ಕೊಡುವ ಸಬ್ಸಿಡಿಯಿಂದ ನಮ್ಮ ರೇಟು ಬೀಳುತ್ತಿದೆ ಅಂತ ಬೆನಿನ್, ಚಾಡ್, ಮಾಲಿ ಜೊತೆ ಸೇರಿ 2003ರಲ್ಲಿ ದೂರು ಎತ್ತಿದ ದೇಶ. ಅದೇ ವರ್ಷ ಕ್ಯಾನ್‌ಕುನ್‌ನಲ್ಲಿ ನಡೆದ ಸಭೆ ಒಪ್ಪಂದ ಇಲ್ಲದೆ ಮುರಿದುಬಿತ್ತು. ಅಯ್ಯೋ, ಇದು ನಮ್ಮಪ್ಪನ ಕಥೆಯೇ ಅಲ್ವಾ?

ಆ ಎರಡು ದಿನ ನಾನು ಬಿಟ್ಟುಕೊಡಲಿಲ್ಲ. ಇಂಥ ಸಭೆಗಳಲ್ಲಿ ಒಪ್ಪಿಗೆಯಾಗದ ಮಾತನ್ನು ಚೌಕ ಕಂಸದಲ್ಲಿ ಇಡುತ್ತಾರೆ. ಒಪ್ಪಿದ ಹಾಗೆ ಕಂಸ ಉದುರುತ್ತವೆ. ಮಧ್ಯಾಹ್ನದ ಹೊತ್ತಿಗೆ ಇಡೀ ಕರಡಿನಲ್ಲಿ ಒಂದೇ ಕಂಸ ಉಳಿದಿತ್ತು. ಸಬ್ಸಿಡಿ ಇಳಿಸುವ ಸಾಲಿನಲ್ಲಿ 'ಶಲ್' ಇರಬೇಕೋ 'ಶುಡ್' ಇರಬೇಕೋ ಅಂತ. ನಮ್ಮ ಸರ್ಕಾರಿ ಕನ್ನಡದಲ್ಲಿ ಹೇಳಬೇಕು ಅಂದರೆ 'ಇಳಿಸತಕ್ಕದ್ದು' ಮತ್ತು 'ಇಳಿಸಿದರೆ ಒಳ್ಳೆಯದು'. ಒಂದು ಪದಕ್ಕೆ ಇಷ್ಟು ಹಟವಾ ಅಂತ ಅಮೆರಿಕ ಆಗಿದ್ದ ಹುಡುಗ ಗೊಣಗಿದ. 2015ರ ಪ್ಯಾರಿಸ್ ಹವಾಮಾನ ಒಪ್ಪಂದವೇ ಕೊನೇ ಗಳಿಗೆಯಲ್ಲಿ ಇದೇ ಎರಡು ಪದಗಳ ನಡುವೆ ಸಿಕ್ಕಿಕೊಂಡಿತ್ತು, ಕೊನೆಗೆ 'ಶುಡ್' ಆಯಿತು ಅಂತ ಮೇಡಂ ಹೇಳಿದರು. ನಮ್ಮ ಸಭೆ ಸಂಜೆ ಐದಕ್ಕೆ ಕಂಸದ ಸಮೇತ ಮುಗಿಯಿತು. ನನಗೆ ಕೊನೇ ಬಸ್ಸು ಹಿಡಿಯಬೇಕಿತ್ತು.

ಪ್ರಬಂಧಕ್ಕೆ ವಿಷಯ ಹುಡುಕುವ ಕಷ್ಟ ಇರಲಿಲ್ಲ. ಚೀನಾ ರೇಷ್ಮೆ. ಮೊದಲ ಕರಡಿನ ಮೊದಲ ಸಾಲು ಹೀಗಿತ್ತು: ಭಾರತ 2011ರಲ್ಲಿ ಸುಂಕ ಇಳಿಸಿ ತನ್ನ ಹಿತವನ್ನೇ ಬಲಿಕೊಟ್ಟಿತು. ಮೇಡಂ ಪೆನ್ಸಿಲ್ಲಿನಲ್ಲಿ 'ಭಾರತ' ಅನ್ನುವ ಪದಕ್ಕೆ ಸುತ್ತು ಹಾಕಿದರು. "ಇದು ಯಾರು?" ಅಂತ ಕೇಳಿದರು. ನಾನು ಸುಮ್ನೆ ನಿಂತೆ. "ಊರಿಗೆ ಹೋಗಿ ಕೇಳಿಕೊಂಡು ಬಾ" ಅಂದರು.

ಹೋದೆ. ಗೂಡಿನಿಂದ ನೂಲು ತೆಗೆಯುವ 12 ರೀಲರ್‌ಗಳನ್ನು, 15 ರೈತರನ್ನು ಮಾತಾಡಿಸಿದೆ. ಒಬ್ಬ ರೀಲರ್ ಚಾಚಾ ಬೇಸಿನ್ ಮುಂದೆ ಕೂತಿದ್ದರು. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿತ್ತು, ಬೆರಳ ತುದಿ ಬೆಂದು ಬೆಳ್ಳಗಾಗಿದ್ದವು. ಎಳೆ ಹುಡುಕಿ ಎತ್ತುತ್ತಲೇ ಹೇಳಿದರು, "ಚೀನಾ ನೂಲು ಒಂದೇ ಸಮ ಬರುತ್ತಮ್ಮ. ಮಗ್ಗದಲ್ಲಿ ಕಡಿಯಲ್ಲ. ಹಾಸಿನ ಉದ್ದೆಳೆಗೆ ಅದನ್ನೇ ಕೇಳ್ತಾರೆ. ಅದು ಬಂದ್ರೆ ನನ್ನ ನೂಲು ಬೀಳುತ್ತೆ, ನಿಜ. ಬರ್ಲಿಲ್ಲ ಅಂದ್ರೆ ನೇಯೋನು ಪಾಲಿಸ್ಟರ್‌ಗೆ ಹೋಗ್ತಾನೆ. ಆಗ ಯಾರ ನೂಲು ಯಾರಿಗೆ?" ದೊಡ್ಡಬಳ್ಳಾಪುರದ ಒಬ್ಬ ಮಗ್ಗದವರು ಇನ್ನೂ ನೇರವಾಗಿ, ಸುಂಕ ಪೂರ್ತಿ ತೆಗೆಯಲಿ ಅಂದರು. ಅಪ್ಪನಿಗೆ ಹೇಳಿದರೆ ಊಟ ಬಿಟ್ಟು ಎದ್ದುಬಿಡುತ್ತಿದ್ದರು. ಹೇಳಲಿಲ್ಲ.

ರೈತ, ರೀಲರ್, ನೇಕಾರ. ಮೂವರೂ ಭಾರತವೇ, ಮೂವರಿಗೂ ಬೇಕಾದ ಸುಂಕ ಬೇರೆ ಬೇರೆ. 1988ರಲ್ಲಿ ರಾಬರ್ಟ್ ಪಟ್ನಮ್ ಎಂಬ ಅಮೆರಿಕದ ವಿದ್ವಾಂಸ ಇದಕ್ಕೆ ಎರಡು ಹಂತದ ಆಟ ಅಂತ ಹೆಸರು ಕೊಟ್ಟರು. ಮಾತುಕತೆಗೆ ಹೋದವನ ಮುಂದೆ ಎರಡು ಮೇಜು. ಒಂದರಲ್ಲಿ ಪರದೇಶದವರು, ಇನ್ನೊಂದರಲ್ಲಿ ಮನೆಯವರೇ. ಕ್ಲಾಸಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಬೇಸಿನ್ ಮುಂದೆ ಕೂತಾಗ ಮೇಜು ಕಣ್ಣಿಗೆ ಬಿತ್ತು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. 30ಕ್ಕೂ ಹೋಗಲಿಲ್ಲ, 5ರಲ್ಲೂ ನಿಲ್ಲಲಿಲ್ಲ. ಆ 15 ಯಾಕೆ ಅಂತ ಮೊದಲ ಸಲ ಊಹಿಸಲು ಸಾಧ್ಯವಾಯಿತು.

ಇನ್ನೊಂದು ವಿಷಯ ನನ್ನ ಸಿಟ್ಟನ್ನು ಕಡಿಮೆ ಮಾಡಿತು. ನಮ್ಮ ಬೈವೋಲ್ಟೈನ್, ಅಂದರೆ ಬಿಳಿ ಗೂಡು ಕಟ್ಟುವ ಹುಳುವಿನ ತಳಿಗಳನ್ನು ಮೈಸೂರಿನ ಸಂಶೋಧನಾ ಸಂಸ್ಥೆ ಅಭಿವೃದ್ಧಿ ಮಾಡಿದ್ದು 1991ರಲ್ಲಿ ಶುರುವಾದ ಜಪಾನ್ ನೆರವಿನ ಯೋಜನೆಯ ಜೊತೆಯಲ್ಲಿ. ಅಂದರೆ ಒಂದು ಪರದೇಶದಿಂದ ರೇಟು ಬಿತ್ತು, ಇನ್ನೊಂದರಿಂದ ತಳಿ ಬಂತು. ನಮ್ಮ ಹುಳು ಮನೆಗೆ ಇಬ್ಬರೂ ಬಂದುಹೋಗಿದ್ದರು, ನಾನು ಒಬ್ಬರನ್ನು ಮಾತ್ರ ನೋಡಿದ್ದೆ.

ಪ್ರಬಂಧ ಮಾಡುವವರಿಗೆ ಒಂದು ಉಪಾಯ. ಪತ್ರಿಕೆಯ ಕಟಿಂಗ್ ಗುಡ್ಡೆ ಹಾಕಬೇಡಿ. ಸಂಸತ್ತಿನ ವೆಬ್‌ಸೈಟಿನಲ್ಲಿ ಸಂಸದರ ಪ್ರಶ್ನೆ, ಮಂತ್ರಿಯ ಉತ್ತರ ಎಲ್ಲ ಪುಕ್ಕಟೆ ಸಿಗುತ್ತವೆ. ವಿದೇಶಾಂಗ ಇಲಾಖೆಯ ಸೈಟಿನಲ್ಲಿ ಜಂಟಿ ಹೇಳಿಕೆಗಳಿವೆ. ಒಂದೇ ದೇಶದ ಜೊತೆಗಿನ ಎರಡು ವರ್ಷದ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು, ಹೋದ ಸಲ ಇದ್ದು ಈ ಸಲ ಬಿಟ್ಟುಹೋದ ಪದ ಯಾವುದು ನೋಡಿ. ಸುದ್ದಿ ಅಲ್ಲಿರುತ್ತದೆ.

ವೈವಾ ನಡೆದದ್ದು 2020ರ ಜೂನ್ ಕೊನೆಯಲ್ಲಿ, ಆನ್‌ಲೈನ್. ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ಘರ್ಷಣೆ ನಡೆದು ಎರಡು ವಾರವೂ ಆಗಿರಲಿಲ್ಲ. ನೆಟ್‌ವರ್ಕ್ ಸಿಗಲಿ ಅಂತ ತಾರಸಿ ಮೇಲೆ ಕೂತಿದ್ದೆ. ಚೀನಾ ರೇಷ್ಮೆಯನ್ನು ಪೂರ್ತಿ ನಿಲ್ಲಿಸಿಬಿಡಬಹುದಲ್ವಾ ಅಂತ ಪರೀಕ್ಷಕರು ಕೇಳಿದರು. ಇಡೀ ದೇಶ ಅದನ್ನೇ ಹೇಳುತ್ತಿದ್ದ ಹೊತ್ತು. ನಾನು ಚಾಚಾ ಮಾತನ್ನು ಹಾಗೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ.

ಆಮೇಲೆ ಯು.ಪಿ.ಎಸ್‌.ಸಿ. ಎರಡು ಸಲ ಬರೆದೆ. ಎರಡು ಸಲವೂ ಪ್ರಿಲಿಮ್ಸ್‌ನಲ್ಲೇ ನಿಂತೆ. ಅಮ್ಮ ಮದುವೆಯ ಮಾತು ಎತ್ತಿದಾಗಲೆಲ್ಲ ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಕಥೆ ಹೇಳುತ್ತಿದ್ದೆ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿ ಹೆಂಗಸರು ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಬೇಕು ಅನ್ನುವ ನಿಯಮ ಇತ್ತು. ಬಡ್ತಿ ತಪ್ಪಿಸಿದ್ದಕ್ಕೆ ಅವರು ಸುಪ್ರೀಂ ಕೋರ್ಟಿಗೆ ಹೋದರು, 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಚೆನ್ನಾಗಿ ಝಾಡಿಸಿದರು. ಅಮ್ಮ ಎಲ್ಲ ಕೇಳಿ, "ಸರಿ, ನಿನಗೆ ಅನುಮತಿ ಕೊಟ್ಟಿದ್ದೀನಿ" ಅನ್ನುತ್ತಿದ್ದರು.

ಈಗ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ಪುಣ್ಯ. ಪಾಸ್‌ಪೋರ್ಟ್ ಇದೆ, ಒಂದು ಮುದ್ರೆಯೂ ಬಿದ್ದಿಲ್ಲ. ಮಾಮ ಮಾತ್ರ ನನ್ನನ್ನು ಡಿಪ್ಲೊಮಾ ಅಂತಲೇ ಕರೆಯುತ್ತಾರೆ.

ಬಜೆಟ್ ದಿನ, ಫೆಬ್ರವರಿ 1 ಬಂದರೆ ಅಪ್ಪ ಫೋನ್ ಮಾಡುತ್ತಾರೆ. ಟೀವಿಯಲ್ಲಿ ಭಾಷಣ ಮುಗಿದಿರುತ್ತದೆ, ರೇಷ್ಮೆಯ ಮಾತೇ ಬಂದಿರುವುದಿಲ್ಲ. ತೆರಿಗೆ ಪಟ್ಟಿಯಲ್ಲಿ ಕಚ್ಚಾ ರೇಷ್ಮೆಗೆ ಒಂದು ನಂಬರ್ ಇದೆ ಅಂತ ಒಂದು ಸಲ ತೋರಿಸಿಕೊಟ್ಟಿದ್ದೆ. ಈಗ ಹಲೋ ಅಂತಲೂ ಅನ್ನುವುದಿಲ್ಲ. "ಐದು ಸೊನ್ನೆ ಸೊನ್ನೆ ಎರಡು ನೋಡಮ್ಮ" ಅನ್ನುತ್ತಾರೆ. ನಾನು ಪಿ.ಡಿ.ಎಫ್. ತೆಗೆದು ಹುಡುಕುವವರೆಗೆ ಲೈನಿನಲ್ಲೇ ಇರುತ್ತಾರೆ.