ನೀರಿನಡಿಯ ಕಲ್ಲುಸಾಲು ನಮ್ಮ ಹೊಳೆದಡ ಉಳಿಸಿದ ಬಗೆ

ಕೊಡಗಿಗೆ ಕಡಲಿಲ್ಲ. ಆದರೂ ನಮ್ಮ ಹೊಳೆದಡ ಉಳಿಸಿಕೊಳ್ಳುವ ದಾರಿ ನನಗೆ ಹೊಳೆದಿದ್ದು ಕಡಲು ನೋಡಿದ ಮೇಲೆ.

ಕಾವೇರಿಗೆ ಸೇರುವ ಒಂದು ಹೊಳೆ ನಮ್ಮ ತೋಟದ ಅಂಚಿನಲ್ಲಿ ತಿರುಗಿ ಹೋಗುತ್ತದೆ. ತಿರುವಿನ ಹೊರದಡ ನಮ್ಮ ಪಾಲಿನದು. 2018 ಮತ್ತು 2019ರ ಆಗಸ್ಟ್ ಮಳೆ ಕೊಡಗಿಗೆ ಏನು ಮಾಡಿತು ಅಂತ ಎಲ್ಲರಿಗೂ ಗೊತ್ತು. ಆಮೇಲೆ ನಮ್ಮ ದಡ ನಿಲ್ಲಲೇ ಇಲ್ಲ. ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ್ದ ಹಾಲುವಾಣದ ಮರ, ಎಲ್ಲಾ ಮಣ್ಣಿನ ಜೊತೆ ಜಾರಿ ಹೊಳೆಗೆ ಬಿದ್ದವು.

“ತಡೆಗೋಡೆ ಕಟ್ಟಿಸಿಬಿಡಿ ಅಣ್ಣ” ಅಂದವರೇ ಜಾಸ್ತಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನೇರ ನಿಂತ ಗೋಡೆಗೆ ಹೊಡೆದ ನೀರು ಕೆಳಕ್ಕೆ ಇಳಿದು ಬುಡ ತೋಡುತ್ತದೆ. ಬುಡ ಖಾಲಿಯಾದ ಮೇಲೆ ಗೋಡೆ ಎಷ್ಟು ದಪ್ಪ ಇದ್ದರೇನು?

ಉಳ್ಳಾಲದಲ್ಲಿ ನಮ್ಮ ನೆಂಟರ ಮನೆಯಿದೆ. ಕಡಲ್ಕೊರೆತ ಅಲ್ಲಿ ಹಳೇ ಗೋಳು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನ ಯೋಜನೆಯಲ್ಲಿ ಅಲ್ಲಿ ದಡದಿಂದ ದೂರ, ಕಡಲಿನೊಳಗೆ ರೀಫ್ ಕಟ್ಟಿದ್ದಾರೆ. ಅಂದರೆ ಕೃತಕ ಬಂಡೆಸಾಲು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿ ತಿಳಿದುಕೊಂಡೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ರೀಫ್ ಆ ಕಡಿಮೆ ಆಳವನ್ನು ದಡಕ್ಕೆ ಮೊದಲೇ ಒದಗಿಸುತ್ತದೆ. ಅಲೆ ಅಲ್ಲೇ ಒಡೆದು ಸೊರಗುತ್ತದೆ. ಹಿಂದಿನ ಶಾಂತ ನೀರಿನಲ್ಲಿ ಮರಳು ಕೂರುತ್ತದೆ. ಪುದುಚೇರಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಉಕ್ಕಿನ ರೀಫ್ ಮುಳುಗಿಸಿದ ಮೇಲೆ, ಬರೀ ಕಲ್ಲುರಾಶಿ ಉಳಿದಿದ್ದ ಕಡೆ ಮತ್ತೆ ಮರಳ ದಡ ಬಂತು. ರೀಫ್ ಇದ್ದರೆ ಕಡಲು ಮರಳನ್ನು ಅದರ ಹಿಂದೆಯೇ ಬಿಡುತ್ತದೆ ಅನ್ನೋದು ನನಗೆ ತುಂಬಾ ಹಿಡಿಸಿತು.

ಹೊಳೆಯಲ್ಲಿ ಅಲೆ ಇಲ್ಲ, ಸೆಳೆತ ಇದೆ. ಹಾಗಾಗಿ ರೀಫನ್ನು ಹಾಗೇ ತಂದು ಇಡೋಕಾಗಲ್ಲ. ಆದರೆ ದಡ ಮುಟ್ಟುವ ಮೊದಲೇ ನೀರಿನ ಬಲ ಇಳಿಸುವುದು, ಅದು ಹೊತ್ತು ತಂದ ಮರಳನ್ನು ಅದರಿಂದಲೇ ದಡಕ್ಕೆ ಹಾಕಿಸುವುದು, ಇವೆರಡೂ ಇಲ್ಲೂ ನಡೆಯುತ್ತವೆ. ಹೊಳೆಗೆ ಇದನ್ನು ಮಾಡುವುದು ದಡದಿಂದ ಹೊಳೆಯೊಳಗೆ ಚಾಚಿದ ತಗ್ಗಾದ ಕಲ್ಲುಸಾಲುಗಳು. ಮಳೆಗಾಲದಲ್ಲಿ ಅವು ಪೂರ್ತಿ ಮುಳುಗಿರಬೇಕು.

ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಸಾಲಿನ ಓರೆ. ತುದಿ ಹೊಳೆಯ ಮೇಲ್ಭಾಗಕ್ಕೆ, ನೀರು ಬರುವ ದಿಕ್ಕಿಗೆ ವಾಲಿರಬೇಕು. ಕೆಳಕ್ಕೆ ವಾಲಿದ್ದರೆ ನೀರು ಸುಲಭವಾಗಿ ಹೋಗುತ್ತೆ ಅಲ್ವಾ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಸಾಲಿನ ಮೇಲೆ ಹತ್ತಿ ಇಳಿಯುವ ನೀರು ಸಾಲಿಗೆ ಅಡ್ಡಲಾಗಿ, ಲಂಬಕೋನದಲ್ಲಿ ಹೊರಡುತ್ತದೆ. ತುದಿ ಮೇಲಕ್ಕಿದ್ದರೆ ಅದು ಹೊಳೆಯ ನಡುವಿಗೆ ಹೋಗುತ್ತದೆ. ಕೆಳಕ್ಕಿದ್ದರೆ ದಡಕ್ಕೇ ಬಂದು ಗುದ್ದುತ್ತದೆ. ಸಾಲು ಹೊಳೆಯ ಅಗಲದ ಕಾಲು ಭಾಗ ದಾಟಬಾರದು. ದಾಟಿದರೆ ಎದುರು ದಡ ಕೊರೆಯುತ್ತದೆ. ನಮ್ಮ ಮಣ್ಣು ಉಳಿಸಲು ಪಕ್ಕದವರ ಗದ್ದೆ ಕಳೆಯೋದು ತಪ್ಪು. ಅದಕ್ಕೇ ಮೊದಲು ಎದುರು ದಡದವರನ್ನು ಕರೆದು ತೋರಿಸಿದೆ. ಹೊಳೆ ನಮ್ಮ ಸ್ವತ್ತಲ್ಲ, ಹಾಗಾಗಿ ಸರ್ಕಾರದ ಒಪ್ಪಿಗೆಯನ್ನೂ ಪಡೆದೆ.

ಕಾಫಿ ಕೊಯ್ಲು ಮುಗಿದು ಹೊಳೆ ಬತ್ತಿದ ಮೇಲೆ ಕೆಲಸ ಶುರು ಮಾಡಿದೆವು. ಹೊಳೆಯ ಕಲ್ಲನ್ನು ಮುಟ್ಟಲಿಲ್ಲ. ಅದನ್ನು ತೆಗೆದರೆ ತಳ ಇನ್ನೂ ಆಳವಾಗುತ್ತದೆ, ಜೊತೆಗೆ ಗುಂಡಗಿನ ಕಲ್ಲು ನಿಲ್ಲೋದೂ ಇಲ್ಲ. ಕೋರೆಯಿಂದ ಮೂಲೆಮೂಲೆ ಇರುವ ದಪ್ಪ ಕಲ್ಲು ತರಿಸಿದೆವು. ಕಲ್ಲಿನ ಗಾತ್ರದಲ್ಲಿ ಕಂಜೂಸಿತನ ಬೇಡ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ಮರಳು ತುಂಬಿದ ಚೀಲ ಅಗ್ಗ ಅಂತ ಕೆಲವರು ಹೇಳಿದರು. ಇಂಗ್ಲೆಂಡಿನ ಬಾಸ್ಕೋಂಬ್‌ನಲ್ಲಿ ಅಲೆ ಸವಾರಿಗಾಗಿ 2009ರಲ್ಲಿ ಚೀಲಗಳಿಂದ ಕಟ್ಟಿದ್ದ ರೀಫ್ 2011ರಲ್ಲೇ ಹಾಳಾಗಿ ಮುಚ್ಚಿತ್ತು. ಮರದ ದಿಮ್ಮಿಗಳು ತೇಲಿಬರುವ ನಮ್ಮ ಹೊಳೆಗೆ ಚೀಲ ಖಂಡಿತ ಆಗದು.

ತಳ ಅಗೆದು, ಮಣ್ಣು ಸೋರದಂತೆ ಜಲ್ಲಿ ಹಾಸಿ, ಅದರ ಮೇಲೆ ಕಲ್ಲು ಕೂರಿಸಿದೆವು. ಸಾಲಿನ ಬುಡವನ್ನು ದಡದೊಳಗೆ ಚೆನ್ನಾಗಿ ಹುಗಿಯಬೇಕು. ಇಲ್ಲದಿದ್ದರೆ ನೀರು ಹಿಂದಿನಿಂದ ನುಗ್ಗಿ ಸಾಲನ್ನು ನಡುಗಡ್ಡೆ ಮಾಡಿಬಿಡುತ್ತದೆ. ದಡದ ಕಡೆ ಎತ್ತರ, ತುದಿಯ ಕಡೆ ತಗ್ಗು. ನಮ್ಮ ಹಿರಿಯ ಕೆಲಸಗಾರರೊಬ್ಬರು, “ಇಷ್ಟೇ ಸಾಕು ಸಾವ್ಕಾರ್ರೇ, ಮೇಲೆದ್ದರೆ ಮರ ಸಿಕ್ಕಿಕೊಳ್ಳುತ್ತೆ” ಅಂದರು. ಅವರ ಮಾತಿನಂತೆ ಎತ್ತರವನ್ನು ಇನ್ನೂ ಸ್ವಲ್ಪ ಇಳಿಸಿದೆವು.

ಮೇಲಿನ ದಡವನ್ನು ಇಳಿಜಾರು ಮಾಡಿ ಲಾವಂಚ ನೆಟ್ಟೆವು. ಅದರ ಬೇರು ನೇರ ಕೆಳಕ್ಕೆ, ಒಳ್ಳೆ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಇಳಿಯುತ್ತದೆ. ನೀರಿನ ಅಂಚಿಗೆ ವಾಟೆ ಬಿದಿರು, ಹಿಂದೆ ಹೊಂಗೆ. ಲಾವಂಚವನ್ನು ಸುಮ್ನೆ ಗೋಡೆಯಂತೆ ನಂಬಬೇಡಿ. ಬುಡದಲ್ಲಿ ಸೆಳೆತ ಇಳಿಯದಿದ್ದರೆ ಎಂಥ ಬೇರೂ ಮಣ್ಣಿನ ಸಮೇತ ಕುಸಿಯುತ್ತದೆ. ಮೊದಲು ಕಲ್ಲು, ಆಮೇಲೆ ಗಿಡ.

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಗೆ ಹೊಳೆ ತುಂಬಿದಾಗ ಸಾಲುಗಳು ಕಾಣಲಿಲ್ಲ. ನೀರಿನ ರಭಸದ ಗೆರೆ ಮಾತ್ರ ದಡ ಬಿಟ್ಟು ನಡುವಿಗೆ ಸರಿದಿತ್ತು. ಮಳೆ ಇಳಿದ ಮೇಲೆ ಸಾಲುಗಳ ನಡುವೆ ಮರಳು, ಮೆಕ್ಕಲು ಮಣ್ಣು ಕೂತಿತ್ತು. ಈಗ ಆ ಮಣ್ಣಿನಲ್ಲಿ ವಾಟೆ ತಾನಾಗಿಯೇ ಹಬ್ಬುತ್ತಿದೆ. ಬೇಸಿಗೆಯಲ್ಲೂ ಸಾಲುಗಳ ಹಿಂದೆ ನೀರಿನ ಗುಂಡಿ ಉಳಿಯುತ್ತದೆ, ಮೀನು ಸೇರುತ್ತವೆ.

ತುದಿಯ ಕಲ್ಲುಗಳು ಮಾತ್ರ ಸ್ವಲ್ಪ ಕುಸಿಯುತ್ತವೆ. ಅಲ್ಲಿ ನೀರು ಸುಳಿಯಾಗಿ ತಳ ತೋಡುವುದರಿಂದ ಅದು ಆಗಿಯೇ ಆಗುತ್ತದೆ. ಪ್ರತಿ ವರ್ಷ ಕೊಯ್ಲಿಗೆ ಮೊದಲು ಇಳಿದು ನೋಡುತ್ತೇವೆ, ಬೇಕಾದಷ್ಟು ಕಲ್ಲು ತುಂಬುತ್ತೇವೆ. ಅದಕ್ಕೆ ಅಂತಲೇ ಒಂದು ಲೋಡ್ ಕಲ್ಲು ತೋಟದ ಗೇಟಿನ ಹತ್ತಿರ ಇಟ್ಟಿದ್ದೇನೆ.