ಐಂಡ್‌ಹೋವನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಮೊದಲ ವರ್ಷ ಹತ್ತಿರದಲ್ಲೇ ನಡೆಯಿರಿ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದ ನಮ್ಮವರು ಮೊದಲ ವರ್ಷದ ಶನಿವಾರ, ಭಾನುವಾರಗಳನ್ನೆಲ್ಲ ಪ್ಯಾರಿಸ್, ಬ್ರಸೆಲ್ಸ್, ಕ್ಯೂಕೆನ್‌ಹೋಫ್ ಅಂತ ಓಡಾಡಿ ಮುಗಿಸುತ್ತಾರೆ. ಎರಡನೇ ಚಳಿಗಾಲ ಬರುವಷ್ಟರಲ್ಲಿ "ಈ ಊರಲ್ಲಿ ಏನೂ ಇಲ್ಲ, ಬೋರು" ಅನ್ನಲು ಶುರು ಮಾಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರೈಲಿನಲ್ಲಿ ಹತ್ತೇ ನಿಮಿಷ ಹೋದರೆ ಹೇಜೆ ಅನ್ನುವ ಹಳ್ಳಿ. ಅದರ ಪಕ್ಕದಲ್ಲೇ ಸುಮಾರು 1500 ಹೆಕ್ಟೇರಿನ ಬಯಲು ಹರಡಿಕೊಂಡಿದೆ. ಟಿಕೆಟ್ ಇಲ್ಲ, ಏರು ಇಲ್ಲ, ಮೊಣಕಾಲು ನೋವಿರುವವರೂ ನಡೆಯಬಹುದು. ಇಷ್ಟು ವರ್ಷ ಇಲ್ಲಿದ್ದು ಅದನ್ನು ಒಮ್ಮೆಯೂ ನೋಡದೆ ಊರಿಗೆ ವಾಪಸ್ ಹೋದ ಕುಟುಂಬಗಳು ನನಗೇ ಗೊತ್ತು.

ಕಾಗದಪತ್ರದ ಕೆಲಸ ಬೇಗ ಮುಗಿಸಿಕೊಳ್ಳಿ: ಹೆಮೆಂಟೆಯಲ್ಲಿ (ನಗರಸಭೆ) ನೋಂದಣಿ, ಬಿಎಸ್‌ಎನ್ (ನಾಗರಿಕ ಸಂಖ್ಯೆ), ಡಿಜಿಡಿ (ಸರ್ಕಾರಿ ಆನ್‌ಲೈನ್ ಲಾಗಿನ್), ನಾಲ್ಕು ತಿಂಗಳೊಳಗೆ ಆರೋಗ್ಯ ವಿಮೆ, ಮನೆ ಹತ್ತಿರ ಒಬ್ಬ ಹೌಸ್‌ಆರ್ಟ್ಸ್ (ಕುಟುಂಬದ ಡಾಕ್ಟರ್). ಅದಾದ ಮೇಲೆ ಒಂದು ಜೊತೆ ನೀರು ನುಗ್ಗದ ಶೂ ತೆಗೆದುಕೊಳ್ಳಿ. ಚಪ್ಪಲಿ ಹಾಕಿಕೊಂಡು ಹೊರಡುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಹೊಳೆ ಪಕ್ಕದ ಹುಲ್ಲುಗಾವಲು ಏಪ್ರಿಲ್‌ವರೆಗೂ ಜೌಗು, ಬಯಲಿನ ದಾರಿ ಪೂರ್ತಿ ಮರಳು.

ಶುರುವಿಗೆ ಹೆನ್ನೆಪರ್ ಪಾರ್ಕೆನ್ ಅನ್ನುವ ಉದ್ಯಾನ ಒಳ್ಳೆಯದು. ಊರಿನೊಳಗೇ ಇದೆ, ಮಗುವಿನ ತಳ್ಳುಗಾಡಿಯೂ ಆರಾಮಾಗಿ ಹೋಗುತ್ತದೆ. ಟೊಂಗೆಲ್‌ರೇಪ್ ಅನ್ನುವ ಸಣ್ಣ ಹಳ್ಳ ಇಲ್ಲಿ ಡಾಮೆಲ್ ಹೊಳೆಗೆ ಸೇರುತ್ತದೆ. ಅಲ್ಲೊಂದು ಹಳೆಯ ನೀರಿನ ಗಿರಣಿ ಇದೆ. 1884ರಲ್ಲಿ ವ್ಯಾನ್ ಗೋ ಅದರ ಚಿತ್ರ ಬರೆದಿದ್ದಾನೆ. ಆಗ ಅವನು ಪಕ್ಕದ ನ್ಯೂನೆನ್‌ನಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದ. ಡಾಮೆಲ್ ಬೆಲ್ಜಿಯಂನಲ್ಲಿ ಹುಟ್ಟಿ, ನಮ್ಮ ಊರು ದಾಟಿ, ಡೆನ್ ಬಾಶ್‌ನಲ್ಲಿ ಆ ಅನ್ನುವ ಇನ್ನೊಂದು ಹೊಳೆಗೆ ಸೇರುತ್ತದೆ. ನಮ್ಮ ಕಣ್ಣಿಗೆ ಇದು ಹೊಳೆಯೇ ಅಲ್ಲ, ಕಾಲುವೆ ಅನ್ನಿಸಬಹುದು. ಶರಾವತಿ, ಅಘನಾಶಿನಿ ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಸದ್ದಿಲ್ಲ, ಬಂಡೆಯಿಲ್ಲ, ಎಲ್ಲೂ ಧುಮುಕುವುದಿಲ್ಲ. ಆದರೂ ಒಂದು ವರ್ಷ ಇದರ ದಡದಲ್ಲಿ ನಡೆಯಿರಿ. ಜನವರಿಯಲ್ಲಿ ಗದ್ದೆಗೆ ನುಗ್ಗುವುದನ್ನು, ಮೇ ತಿಂಗಳಲ್ಲಿ ಹುಲ್ಲಿನ ಮಧ್ಯೆ ಕಾಣದಷ್ಟು ಇಳಿಯುವುದನ್ನು ನೋಡಿ. ಆಮೇಲೆ ಹೇಳಿ.

ದಾರಿ ತಪ್ಪುವ ಭಯ ಬೇಡ. ಇಲ್ಲಿ ಕ್ನೋಪ್‌ಪುಂಟ್ ಅನ್ನುವ ವ್ಯವಸ್ಥೆ ಇದೆ. ದಾರಿ ಕೂಡುವ ಕಡೆಯಲ್ಲೆಲ್ಲ ಒಂದು ಗೂಟ, ಅದರ ಮೇಲೆ ನಂಬರ್, ಮುಂದಿನ ನಂಬರಿಗೆ ಬಾಣದ ಗುರುತು. ಮನೆಯಲ್ಲೇ ನಕ್ಷೆ ನೋಡಿ ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಚೀಟಿಯನ್ನು ಮಕ್ಕಳ ಕೈಗೆ ಕೊಡಿ. ಆರು ವರ್ಷದ ಮಗುವೂ ಮುಂದೆ ಓಡಿಹೋಗಿ ನಂಬರ್ ಹುಡುಕಿ ಕೂಗುತ್ತದೆ, "ಸಾಕಾಯ್ತು, ಮನೆಗೆ ಹೋಗೋಣ" ಅನ್ನುವ ರಗಳೆ ಇರುವುದಿಲ್ಲ.

ಇನ್ನು ಹೇಜೆ ಪಕ್ಕದ ಆ ಬಯಲು. ಅದರ ಹೆಸರು ಸ್ಟ್ರಾಬ್ರೆಕ್ಟ್ಸೆ ಹೈಡೆ. ಸ್ಟೇಷನ್ ಇಳಿದು, ಕೋಟೆ ಪಕ್ಕದಲ್ಲಿ ಹಾದು, ಚಿಕ್ಕ ಡಾಮೆಲ್ ಅನ್ನುವ ಹೊಳೆ ದಾಟಿದರೆ ಮರಗಳು ಕಡಿಮೆಯಾಗುತ್ತಾ ಬಂದು ಒಮ್ಮೆಲೇ ಆಕಾಶ ತೆರೆದುಕೊಳ್ಳುತ್ತದೆ. ಮೊಣಕಾಲೆತ್ತರದ ಹೀದರ್ ಪೊದೆ, ನಡುವೆ ಅಲ್ಲೊಂದು ಇಲ್ಲೊಂದು ಪೈನ್, ಮಳೆನೀರು ನಿಂತ ಕೆರೆಗಳು. ಬೇವೆನ್ ಅನ್ನುವ ಕೆರೆ ಈ ದೇಶದಲ್ಲಿ ಆ ಜಾತಿಯ ಕೆರೆಗಳಲ್ಲೇ ದೊಡ್ಡದು. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲವರೆಗೆ ಇಡೀ ಬಯಲು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆಗ ಜನ ಜಾಸ್ತಿ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆ ಇನ್ನೂ ಚೆನ್ನ. ದಕ್ಷಿಣಕ್ಕೆ ಹೊರಟ ಕ್ರೇನ್ ಹಕ್ಕಿಗಳು ಆಗ ಇಲ್ಲಿ ತಂಗುತ್ತವೆ.

ಅಪ್ಪ ಅಮ್ಮ ಬಂದಾಗ ತಪ್ಪದೇ ಇಲ್ಲಿಗೆ ಕರೆತನ್ನಿ. ತೊಂಬತ್ತು ದಿನದ ವೀಸಾದಲ್ಲಿ ಬಂದವರನ್ನು ವಾರಪೂರ್ತಿ ಫ್ಲಾಟಿನಲ್ಲಿ ಕೂರಿಸಿ, ವಾರಾಂತ್ಯದಲ್ಲಿ ಕಾರಿನಲ್ಲಿ ಕೂರಿಸುತ್ತೇವೆ. ಜೀವನವಿಡೀ ತೋಟ, ಗದ್ದೆ ಅಂತ ನಡೆದವರಿಗೆ ಅದು ಶಿಕ್ಷೆ. ನನ್ನ ಅಪ್ಪ ಸಾಗರದ ಹತ್ತಿರದ ಅಡಿಕೆ ಬೆಳೆಗಾರ. ಈ ಬಯಲಿನಲ್ಲಿ ಒಂದು ಕಡೆ ಮೇಲ್ಮಣ್ಣನ್ನು ಪೊದೆಯ ಸಮೇತ ಕೆತ್ತಿ ತೆಗೆದಿದ್ದರು. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕೆತ್ತಿದ ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು. ಮೇಲೆ ಬೇರು ಹೆಣೆದುಕೊಂಡ ಕಪ್ಪು ಪದರ, ಕೆಳಗೆ ಬೂದು ಮರಳು. "ಇದನ್ನ ಕೊಟ್ಟಿಗೆಗೆ ಹಾಕ್ತಾರಾ?" ಅಂತ ಕೇಳಿದರು.

ಈಗ ಹಾಕುವುದಿಲ್ಲ. ಆದರೆ ನೂರಾರು ವರ್ಷ ಹಾಕುತ್ತಿದ್ದರು. ಹಗಲು ಕುರಿಗಳನ್ನು ಬಯಲಿನಲ್ಲಿ ಮೇಯಿಸಿ, ರಾತ್ರಿ ಕೊಟ್ಟಿಗೆಗೆ ಕೂಡುತ್ತಿದ್ದರು. ಇಲ್ಲಿಂದ ಕೆತ್ತಿ ತಂದ ಮೇಲ್ಮಣ್ಣನ್ನು ಅವುಗಳ ಕಾಲಡಿಗೆ ಹಾಸಿ, ಸಗಣಿ ಗಂಜಳದಲ್ಲಿ ನೆನೆದ ಆ ರಾಶಿಯನ್ನು ಹೊಲಕ್ಕೆ ಹೊರುತ್ತಿದ್ದರು. ಬರೀ ಮರಳಿನ ಹೊಲದಲ್ಲಿ ರೈ ಬೆಳೆದದ್ದು ಆ ಗೊಬ್ಬರದಿಂದ. ನಮ್ಮ ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ ಅಡಿಕೆ ಮರದ ಬುಡಕ್ಕೆ ಹಾಕುವುದೂ ಇದೇ ಲೆಕ್ಕ ಅಲ್ವಾ? ಪದೇ ಪದೇ ಕೆತ್ತಿ, ಮೇಯಿಸಿದ್ದರಿಂದಲೇ ಇಲ್ಲಿ ಕಾಡು ಬೆಳೆಯದೆ ಬಯಲು ಉಳಿಯಿತು. ಇದು ರೈತರು ಮಾಡಿದ ನೆಲ. ಅಪ್ಪನಿಗೆ ಇದನ್ನು ಹೇಳಿದ ಮೇಲೆ ಅವರು ಈ ದೇಶವನ್ನು ನೋಡುವ ರೀತಿಯೇ ಬದಲಾಯಿತು. ಆಮೇಲೆ ದಿನಾ ಬೆಳಿಗ್ಗೆ ಅವರೇ ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದರು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಚೀಲದ ಗೊಬ್ಬರ ಬಂತು, ಬಯಲು ಯಾರಿಗೂ ಬೇಡವಾಯಿತು. ಎಷ್ಟೋ ಕಡೆ ಉತ್ತು ಹೊಲ ಮಾಡಿದರು, ಇಲ್ಲವೇ ಪೈನ್ ನೆಟ್ಟರು. ದಕ್ಷಿಣದ ಲೇಂಡರ್‌ಬಾಸ್ ಅನ್ನುವ ಕಾಡಿಗೆ ಹೋದರೆ ಸಾಲುಸಾಲಾಗಿ ನಿಂತ ಪೈನ್ ಕಾಣುತ್ತದೆ. 1930ರ ದಶಕದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಲು ನೆಡಿಸಿದ್ದು. ಲಿಂಬರ್ಗ್‌ನ ಕಲ್ಲಿದ್ದಲು ಗಣಿಗಳಿಗೆ ಆಸರೆ ಕಂಬ ಬೇಕಿತ್ತು, ಅದಕ್ಕೇ ಪೈನ್. ಗಣಿ ಮುಚ್ಚುವ ನಿರ್ಧಾರ 1965ರಲ್ಲಿ ಆಯಿತು, ಕೊನೆಯದು 1974ರಲ್ಲಿ ಮುಚ್ಚಿತು. ಮರಗಳು ಉಳಿದುಕೊಂಡವು. ಜುಲೈ ಬಿಸಿಲಿಗೆ ಆ ಕಾಡಿನ ನೆರಳು ಬಹಳ ಹಿತ.

ಈಗ ಎಚ್ಚರದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಉಣುಗು. ಮಲೆನಾಡಿನವರಿಗೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆ ಹೆಸರೇ ಬಂದ ರೋಗ. ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ಇದು ಬ್ಯಾಕ್ಟೀರಿಯಾದಿಂದ ಬರುತ್ತದೆ, ಬೇಗ ಗೊತ್ತಾದರೆ ಆಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು, ಪೊದೆಯಲ್ಲಿ ನಡೆದು ಬಂದ ದಿನ ಸ್ನಾನಕ್ಕೆ ಮೊದಲು ಮಕ್ಕಳ ಮೈ ಪೂರ್ತಿ ನೋಡಿ: ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲಂಚು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ. ಎಣ್ಣೆ, ಸುಣ್ಣ, ಸುಟ್ಟ ಬೆಂಕಿಕಡ್ಡಿ ಯಾವುದೂ ಬೇಡ. ಅಜ್ಜಿ ಹೇಳಿದ್ದರೂ ಬೇಡ. ತಾರೀಕು ಬರೆದಿಟ್ಟುಕೊಂಡು ಮೂರು ತಿಂಗಳು ಆ ಜಾಗ ನೋಡುತ್ತಿರಿ. ಕೆಂಪು ಕಲೆ ದೊಡ್ಡದಾಗುತ್ತಾ ಹೋದರೆ, ಜ್ವರ, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ.

ಮೇ ಕೊನೆಯಿಂದ ಜುಲೈವರೆಗೆ ಓಕ್ ಮರದ ಕಂಬಳಿಹುಳು. ಕಾಂಡದ ಮೇಲೆ ಬಿಳಿ ಬಲೆಯಂಥ ಗೂಡು ಕಂಡರೆ ಅದರ ಕೆಳಗೆ ಬುತ್ತಿ ಬಿಚ್ಚಬೇಡಿ. ಹುಳು ಮುಟ್ಟದಿದ್ದರೂ ಗಾಳಿಯಲ್ಲಿ ಬಂದ ಕೂದಲು ಸಾಕು. ತುರಿಕೆ ಬಂದರೆ ಉಜ್ಜದೆ ಅಂಟುಟೇಪ್ ಹಚ್ಚಿ ಕಿತ್ತು, ನೀರಿನಲ್ಲಿ ತೊಳೆಯಿರಿ.

ದನಗಳು. ಬಯಲಿನಲ್ಲಿ ದನ ಸ್ವತಂತ್ರವಾಗಿ ಮೇಯುತ್ತಿರುತ್ತವೆ. ಹಸು ಕಂಡರೆ ಮುಟ್ಟಿ ನಮಸ್ಕಾರ ಮಾಡುವುದು ನಮಗೆ ಸಹಜ. ಇಲ್ಲಿ 25 ಮೀಟರ್ ದೂರದಿಂದಲೇ ಮಾಡಿ. ಕರು ಜೊತೆಗಿದ್ದರೆ ಸುತ್ತು ಹಾಕಿ ಹೋಗಿ. ಗೇಟು ದಾಟಿದ ಮೇಲೆ ಮುಚ್ಚಿಕೊಂಡಿತಾ ನೋಡಿ.

ಬೆಂಕಿ ಖಂಡಿತ ಬೇಡ. 2010ರ ಜುಲೈನಲ್ಲಿ ಇದೇ ಬಯಲಿನ ಸುಮಾರು 200 ಹೆಕ್ಟೇರ್ ಸುಟ್ಟುಹೋಗಿದೆ. ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ಇಲ್ಲಿ ಎಷ್ಟೋ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಸ್ಪೀಕರ್ ಹಾಡು, ಹೀದರ್ ಕೀಳುವುದು, ಅಣಬೆ ಆರಿಸುವುದು ಇವೂ ಬೇಡ. ಕಸದ ಬುಟ್ಟಿ ಇರುವುದಿಲ್ಲ, ಬುತ್ತಿಯ ಕಸ ಮನೆಗೇ ವಾಪಸ್. ಸೂರ್ಯ ಮುಳುಗುವುದರೊಳಗೆ ಹೊರಬನ್ನಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು.

ಒಂದು ಕೊರತೆ ಮಾತ್ರ ತುಂಬುವುದಿಲ್ಲ. ಊರಲ್ಲಿ ನಡೆದರೆ ಪ್ರತಿ ಮನೆಯ ಜಗಲಿಯಿಂದ "ಎಲ್ಲಿಗೆ ಹೊರಟ್ರಿ, ಬನ್ನಿ, ಆಸ್ರಿಗೆ ಕುಡಿದು ಹೋಗಿ" ಅಂತ ಕರೆಯುತ್ತಿದ್ದರು. ಇಲ್ಲಿ ಎದುರಿಗೆ ಬಂದವರು "ಹೊಯ್" ಅಂದು ಮುಂದೆ ಹೋಗುತ್ತಾರೆ. ಒಳ್ಳೆಯ ಜನ, ನೀವೂ ಮರೆಯದೆ ಹೊಯ್ ಅನ್ನಿ. ಆದರೆ ನೀವು ಯಾರ ಮನೆಯವರು ಅಂತ ಕೇಳುವವರು ಯಾರೂ ಇಲ್ಲ. ನನ್ನ ಮಕ್ಕಳಿಗೆ ಆ ಕರೆ ಗೊತ್ತೇ ಇಲ್ಲ, ಅದು ನನಗೆ ಈಗಲೂ ನೋವು. ನಡೆಯುವಾಗ ಮಾತ್ರ ಅವರು ಕೇಳುತ್ತಾರೆ: ಅಜ್ಜನ ತೋಟ ಎಷ್ಟು ದೂರ ಇತ್ತು, ಮಳೆಯಲ್ಲಿ ಶಾಲೆಗೆ ಹೇಗೆ ಹೋಗ್ತಿದ್ರಿ ಅಂತ. ಡಚ್‌ನಲ್ಲಿ ಶುರುವಾದ ಮಾತು ಅರ್ಧ ದಾರಿಗೆ ಕನ್ನಡಕ್ಕೆ ಬಂದಿರುತ್ತದೆ. ಮನೆಯಲ್ಲಿ ಎಷ್ಟು ಹೇಳಿದರೂ ಆಗದ ಕೆಲಸ ಇದು.

ನೆಲದ ಜೊತೆ ನಂಟು ಬೇಕು ಅನ್ನಿಸಿದರೆ ನವೆಂಬರ್ ಮೊದಲ ವಾರದ ನಾಟೂರ್‌ವೆರ್ಕ್‌ಡಾಹ್‌ಗೆ, ಅಂದರೆ ನಿಸರ್ಗದ ಕೆಲಸದ ದಿನಕ್ಕೆ, ಹೆಸರು ಕೊಡಿ. ಕೆತ್ತುವ ರೈತರು ಹೋದ ಮೇಲೆ ಬಯಲನ್ನು ಪೈನ್ ನುಂಗುತ್ತಾ ಬರುತ್ತದೆ. ಕುರಿ ಹಿಂಡು, ಯಂತ್ರ, ಸ್ವಯಂಸೇವಕರು ಸೇರಿ ಅದನ್ನು ತಡೆಯುತ್ತಿದ್ದಾರೆ. ಆ ದಿನ ದೇಶದ ತುಂಬ ಇಂಥ ಕೆಲಸ ನಡೆಯುತ್ತದೆ. ಡಚ್ ಬರದಿದ್ದರೂ ಪರವಾಗಿಲ್ಲ, ಏನು ಕೀಳಬೇಕು, ಏನು ಬಿಡಬೇಕು ಅಂತ ತೋರಿಸಿಕೊಡುತ್ತಾರೆ. ಮಕ್ಕಳಿಗೂ ಕೆಲಸ ಸಿಗುವ ಜಾಗ ನೋಡಿ ಆರಿಸಿ. ಹಳೇ ಪ್ಯಾಂಟು ಹಾಕಿಕೊಳ್ಳಿ, ಬುತ್ತಿ ಎರಡು ಪಾಲು ಜಾಸ್ತಿ ಕಟ್ಟಿ. ಪಕ್ಕದಲ್ಲಿ ಪೈನ್ ಕೀಳುವವರಿಗೂ ಚಿತ್ರಾನ್ನ ಕೊಡಬೇಕಾಗುತ್ತದೆ.