ನಾಯಿಮರಿ ಮಾರೋಕೆ ಮುಂಚೆ ಬ್ರೀಡರ್ ಲೈಸೆನ್ಸ್ ಮಾಡಿಸಿಕೊಳ್ಳಿ

"ಮನೆಯಲ್ಲಿ ಇರೋದೇ ಎರಡು ಲ್ಯಾಬ್ರಡಾರ್, ನನಗ್ಯಾಕೆ ಲೈಸೆನ್ಸ್?" ಅಂತ ತುಂಬಾ ಜನ ಕೇಳುತ್ತಾರೆ. ಮಾರುತ್ತೀರಿ ಅಂದ್ರೆ ಬೇಕು. ಕೇಂದ್ರ ಸರ್ಕಾರ 2017ರ ಮೇನಲ್ಲಿ ತಂದ ನಾಯಿ ಬ್ರೀಡಿಂಗ್ ನಿಯಮದಲ್ಲಿ, ಮಧ್ಯೆ ನಿಂತು ಮರಿ ಕೈ ಬದಲಿಸುವ ದಲ್ಲಾಳಿ ಕೂಡ ಬ್ರೀಡರ್ (ಮರಿ ಹಾಕಿಸಿ ಮಾರುವವ) ಲೆಕ್ಕಕ್ಕೇ ಬರುತ್ತಾನೆ. ಮುಧೋಳ ನಾಯಿ ಸಾಕಿ ಮರಿ ಮಾರುವವರಿಗೂ ಇದೇ ನಿಯಮ.

ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಕೊಡೋ ತಳಿ ಪೇಪರ್ ಇದ್ರೆ ಸಾಕು ಅಂದುಕೊಳ್ಳಬೇಡಿ. ಅದು ನಾಯಿಯ ಜಾತಕ ಅಷ್ಟೇ, ನಿಮ್ಮ ಲೈಸೆನ್ಸ್ ಅಲ್ಲ.

ಅರ್ಜಿ ಹೋಗಬೇಕಾದದ್ದು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ. ಶುಲ್ಕ 5,000 ರೂಪಾಯಿ, ಕಟ್ಟಿದ್ದು ವಾಪಸ್ ಬರಲ್ಲ. ಎರಡು ಕಡೆ ಕೆನಲ್ (ನಾಯಿ ಸಾಕೋ ಜಾಗ) ಇದ್ದರೆ ಎರಡು ಅರ್ಜಿ. ಆಮೇಲೆ ಜಾಗ ನೋಡೋಕೆ ಬರುತ್ತಾರೆ. ಗಾಳಿ ಬೆಳಕು, ನೀರು, ನಾಯಿ ಓಡಾಡೋಕೆ ಜಾಗ, ಇವೆಲ್ಲ ಮೊದಲೇ ಸರಿ ಮಾಡಿಟ್ಟುಕೊಳ್ಳಿ. ಕೈಗೆ ಬಂದ ಸರ್ಟಿಫಿಕೇಟು ಎರಡು ವರ್ಷಕ್ಕೆ, ಅದನ್ನು ಬಂದವರ ಕಣ್ಣಿಗೆ ಬೀಳುವ ಕಡೆ ಗೋಡೆಗೆ ಹಾಕಬೇಕು.

ಜನ ಸಿಕ್ಕಿಬೀಳೋದು ಹೆಣ್ಣು ನಾಯಿ ವಿಷಯದಲ್ಲಿ. ಬೆದೆಗೆ ಬಂತು ಅಂತ ಕ್ರಾಸ್ ಮಾಡಿಸಿಬಿಡೋ ಹಾಗಿಲ್ಲ: 18 ತಿಂಗಳು ತುಂಬಿರಬೇಕು, 8 ವರ್ಷ ದಾಟಿರಬಾರದು, ಒಂದು ಸಲ ಮರಿ ಹಾಕಿದ್ದರೆ ಮುಂದಿನ ಬೆದೆಗೆ ಬಿಡಬಾರದು, ಜೀವಮಾನಕ್ಕೆ ಒಟ್ಟು ಐದೇ ಸೂಲು. ನಾನು ಒಂದೊಂದು ಹೆಣ್ಣಿಗೂ ರಿಜಿಸ್ಟರ್‌ನಲ್ಲಿ ಒಂದು ಪುಟ ಬಿಟ್ಟಿದ್ದೇನೆ; ಮೇಲೆ ನಾಯಿಯ ಗುರುತಿಗೆ ಚರ್ಮದಡಿ ಹಾಕಿಸಿದ ಮೈಕ್ರೋಚಿಪ್ ನಂಬರು, ಕೆಳಗೆ ಬೆದೆಯ ತಾರೀಕು, ಡಾಕ್ಟರ್ ನೋಡಿದ ದಿನ, ಹುಟ್ಟಿದ ಮರಿ ಎಷ್ಟು, ಸತ್ತಿದ್ದು ಎಷ್ಟು, ಯಾರ ಮನೆಗೆ ಹೋಯಿತು, ಎಲ್ಲಾ ಅದೇ ಪುಟದಲ್ಲಿ. ಸುಮ್ನೆ ನೆನಪಿನ ಮೇಲೆ ನಡೆಸಿದರೆ ವರ್ಷದ ಕೊನೆಗೆ ಮಂಡಳಿಗೆ ಕಳಿಸೋ ವರದಿಯಲ್ಲಿ ಲೆಕ್ಕ ತಾಳೆಯಾಗಲ್ಲ.

ಮರಿಗೆ 8 ವಾರ ಆಗದೆ ಕೊಡಬೇಡಿ. 40 ದಿನಕ್ಕೇ ಕೊಡಿ ಅಂತ ಗಿರಾಕಿ ಜೀವ ತಿಂತಾರೆ, ಅಡ್ವಾನ್ಸ್ ಕೈಯಲ್ಲಿ ಹಿಡಿದು ಬರುತ್ತಾರೆ, ಆದ್ರೂ ಬೇಡ. ಲಸಿಕೆ, ಮೈಕ್ರೋಚಿಪ್ ಆಗಿರಲಿ, ರಸೀದಿ ಬರೆದುಕೊಡಿ. ಆರು ತಿಂಗಳು ದಾಟಿದ ನಾಯಿಯನ್ನು ಸಂತಾನಹರಣ ಆಪರೇಷನ್ ಮಾಡಿಸದೆ ಮಾರೋ ಹಾಗಿಲ್ಲ, ಲೈಸೆನ್ಸ್ ಇರೋ ಇನ್ನೊಬ್ಬ ಬ್ರೀಡರ್‌ಗೆ ಮಾತ್ರ ಕೊಡಬಹುದು. ಹಾಗೆ ಕೊಡುವಾಗ ಅವರ ಸರ್ಟಿಫಿಕೇಟಿನ ಜೆರಾಕ್ಸ್ ಒಂದು ಇಸಿದುಕೊಂಡು ನಿಮ್ಮ ರಿಜಿಸ್ಟರ್‌ಗೆ ಅಂಟಿಸಿ.